ಉದ್ಧರಣೆ ನೀರಿನಲ್ಲಿ ಒಂದು ಮುಖ

ದೆಹಲಿಯವರಿಗೆ ಮೈಕ್ರಾನ್ ಎಂಬ ಅಳತೆಯನ್ನು ಕಲಿಸಿದ್ದು ಚಳಿಗಾಲದ ಹೊಗೆ. ದೀಪಾವಳಿ ಹತ್ತಿರವಾಯಿತೆಂದರೆ ದ್ವಾರಕಾದ ನಮ್ಮ ಸೊಸೈಟಿಯ ಗೇಟಿನೆದುರು ಮೂಲಂಗಿ ಮಾರುವ ಭಯ್ಯಾ ಸಹ ‘ಆಜ್ ಟೂ ಪಾಯಿಂಟ್ ಫೈವ್ ಬಹುತ್ ಹೈ’ ಎನ್ನುತ್ತ ಕೆಮ್ಮುತ್ತಾನೆ. ಗಾಳಿಯಲ್ಲಿ ತೇಲುವ ಆ ಎರಡೂವರೆ ಮೈಕ್ರಾನಿನ ಕಣ ಎಂದರೆ ಎಷ್ಟು ದೊಡ್ಡದು ಎಂದು ಕೇಳಿದರೆ ಅವನು ಹೇಳಲಾರ; ಆ ಅಂಕಿಯನ್ನು ದಿನವೂ ಟಿವಿಯಲ್ಲಿ ಉಚ್ಚರಿಸುವವರೂ ಹೇಳಲಾರರು. ವಸಂತ್ ಕುಂಜ್ ಪಕ್ಕದ ವಿಶ್ವವಿದ್ಯಾಲಯದಲ್ಲಿ ಸೂಕ್ಷ್ಮಜೀವಶಾಸ್ತ್ರದ ಎಂ.ಎಸ್ಸಿ.ಗೆ ಸೇರಿ, ಗಾಜಿನ ಪಟ್ಟಿಯ ಮೇಲೆ ಅಮ್ಮನ ದೋಸೆಹಿಟ್ಟಿನ ಒಂದು ತೊಟ್ಟನ್ನಿಟ್ಟು ನೋಡುವ ತನಕ ನಾನೂ ಹೇಳಲಾರದವಳೇ ಆಗಿದ್ದೆ.

ಆ ದಿನ ಪ್ರತಿಯೊಬ್ಬರೂ ಮನೆಯಿಂದ ಹುಳಿ ಬಂದ ಏನನ್ನಾದರೂ ತರಬೇಕಿತ್ತು. ಹೆಚ್ಚಿನವರು ಮೊಸರು ತಂದಿದ್ದರು. ಜನವರಿಯ ದೆಹಲಿಯಲ್ಲಿ ದೋಸೆಹಿಟ್ಟು ಸುಲಭವಾಗಿ ಉಕ್ಕುವುದಿಲ್ಲ. ಅಮ್ಮ ಪಾತ್ರೆಗೆ ರಜಾಯಿ ಹೊದಿಸಿ, ಪಕ್ಕದಲ್ಲಿ ಬಿಸಿನೀರಿನ ಚೀಲವಿಟ್ಟು, ‘ಮಲ್ಕೊಂಡಿದೆ, ಯಾರೂ ಅಲ್ಲಾಡಿಸ್ಬೇಡಿ’ ಎನ್ನುತ್ತಾಳೆ. ಆ ನಿದ್ದೆಯೊಳಗೆ ನಡೆಯುತ್ತಿದ್ದುದನ್ನು ನಾನು ಮೊದಲ ಬಾರಿಗೆ ಕಂಡೆ. ಅಕ್ಕಿಯ ಪಿಷ್ಟದ ಬಂಡೆಗಳ ನಡುವೆ ಯೀಸ್ಟ್ ಜೀವಕೋಶಗಳು ಒಂದರ ಬೆನ್ನಿನಿಂದ ಇನ್ನೊಂದಾಗಿ ಮೊಗ್ಗೊಡೆಯುತ್ತಿದ್ದವು. ಅವಕ್ಕಿಂತಲೂ ಎಷ್ಟೋ ಚಿಕ್ಕ ಬ್ಯಾಕ್ಟೀರಿಯಾ ಮಣಿಸರದಂತೆ ಸಾಲುಗಟ್ಟಿ ನಡುಗುತ್ತಿದ್ದವು. ಬೆಳಗಿನ ತಿಂಡಿ ಎಂದು ನಾನು ಕರೆಯುತ್ತಿದ್ದುದು ಒಂದು ಮಹಾನಗರವಾಗಿತ್ತು. ಹಿಂದೆ ನಿಂತಿದ್ದ ಹುಡುಗಿ ‘ಅರೇ ಯಾರ್, ಹಮೇ ಭೀ ದೇಖ್‌ನೇ ದೇ’ ಎಂದು ಬೆನ್ನಿಗೆ ತಿವಿಯುವವರೆಗೂ ನಾನು ಕಣ್ಣು ತೆಗೆಯಲಿಲ್ಲ.

ನಮ್ಮ ಅಧ್ಯಾಪಕಿ ಬೆರಗಿಗೆ ಅಡ್ಡ ಬರುತ್ತಿರಲಿಲ್ಲ, ಆದರೆ ಅದನ್ನು ಅಳತೆಯಿಲ್ಲದೆ ಬಿಡುತ್ತಲೂ ಇರಲಿಲ್ಲ. ಸೂಕ್ಷ್ಮದರ್ಶಕದ ಕಣ್ಣುಗಾಜಿನಲ್ಲಿ ಕೂದಲಿನಷ್ಟು ತೆಳುವಾದ ಗೆರೆಗಳ ಅಳತೆಪಟ್ಟಿಯೊಂದಿರುತ್ತದೆ. ಕಂಡದ್ದನ್ನೆಲ್ಲ ಅದರ ಮೇಲೆ ಮಲಗಿಸಿ ಎಷ್ಟು ಗೆರೆ ಎಂದು ಎಣಿಸಿ, ಮಿಲಿಮೀಟರಿನ ಸಾವಿರದಲ್ಲೊಂದು ಪಾಲಾದ ಮೈಕ್ರಾನಿನಲ್ಲಿ ಹೇಳಬೇಕು. ಯಾರಾದರೂ ಅವಸರದಿಂದ ಜೀವಿಯ ಹೆಸರು ಕೂಗಿದರೆ ಅವರು ಮೇಜು ತಟ್ಟಿ ಹೇಳುತ್ತಿದ್ದರು: ‘ಪೆಹಲೇ ನಾಪೋ, ಫಿರ್ ನಾಮ್ ದೋ.’ ಮೊದಲು ಅಳೆ, ಆಮೇಲೆ ಹೆಸರಿಡು. ನಾನು ಕಲಿತ ವಿಜ್ಞಾನದಲ್ಲಿ ಈ ವಾಕ್ಯಕ್ಕಿಂತ ದೊಡ್ಡದು ಇಂದಿಗೂ ನನಗೆ ಸಿಕ್ಕಿಲ್ಲ.

ಅದನ್ನು ಬಳಸಬೇಕಾಗಿ ಬಂದದ್ದು ಅಪ್ಪನಿಗಾಗಿ.

ಕೇಂದ್ರ ಸಚಿವಾಲಯವೊಂದರಲ್ಲಿ ಜೀವಮಾನವಿಡೀ ಕಡತಗಳಿಗೆ ಟಿಪ್ಪಣಿ ಬರೆದು ನಿವೃತ್ತನಾದ ಅಪ್ಪ ಆ ವರ್ಷದ ಮಳೆಗಾಲದ ಕೊನೆಯಿಂದ ಕರಗತೊಡಗಿದ. ಹೊಟ್ಟೆ ಉಬ್ಬರ, ಕೊಳೆತ ಮೊಟ್ಟೆಯಂಥ ತೇಗು, ನಿಂತಂತೆ ತೋರಿ ಮತ್ತೆ ಶುರುವಾಗುವ ಭೇದಿ. ಹಾಲು ಬಿಡಿಸಿದರು, ಗೋಧಿ ಬಿಡಿಸಿದರು, ಮಾತ್ರೆ ಬದಲಿಸಿದರು. ಮೂಲೆಯ ಲ್ಯಾಬಿನ ಮಲಪರೀಕ್ಷೆಯ ವರದಿಯಲ್ಲಿ ‘ಏನೂ ಕಂಡುಬಂದಿಲ್ಲ’ ಎಂದಿತ್ತು. ಅಪ್ಪನ ಕುತ್ತಿಗೆಯ ಮೂಳೆ ಅಂಗಿಯ ಕಾಲರಿನಿಂದ ಹೊರಗೆ ಇಣುಕಲು ಹತ್ತಿದ ಮೇಲೆ ವೈದ್ಯರು ಧ್ವನಿ ತಗ್ಗಿಸಿ, ಇನ್ನು ಬೇರೆ ದಿಕ್ಕಿನಲ್ಲಿ ಹುಡುಕಬೇಕಾಗುತ್ತದೆ, ಸ್ಕ್ಯಾನ್ ಮಾಡಿಸಿ ಎಂದರು. ಆ ಬೇರೆ ದಿಕ್ಕು ಯಾವುದೆಂದು ನಮಗೆ ಮೂವರಿಗೂ ಗೊತ್ತಿತ್ತು. ಮನೆಯಲ್ಲಿ ಯಾರೂ ಆ ರೋಗದ ಹೆಸರನ್ನು ಬಾಯಿಬಿಟ್ಟು ಹೇಳಲಿಲ್ಲ.

‘ಏನೂ ಕಂಡುಬಂದಿಲ್ಲ’ ಎಂಬ ಮಾತು ನನ್ನನ್ನು ಕೆರಳಿಸಿತು. ಯಾರು ನೋಡಿದರು? ಎಷ್ಟು ಹೊತ್ತು? ಕಾಣದಿರುವುದು ಬೇರೆ, ಇಲ್ಲದಿರುವುದು ಬೇರೆ. ಈ ದೇಶದಲ್ಲಿ ಎಷ್ಟೋ ಜನ ಈ ಎರಡರ ನಡುವಿನ ಸಂದಿಯಲ್ಲಿ ಸಾಯುತ್ತಾರೆ. ನಾನೇ ನೋಡುತ್ತೇನೆ ಎಂದೆ.

ಅಮ್ಮ ಗಾಬರಿಗೊಂಡಳು. ‘ಅಪ್ಪಂದು ಅದನ್ನ ಡಬ್ಬೀಲಿ ಹಾಕ್ಕೊಂಡು ಮೆಟ್ರೋದಲ್ಲಿ ಹೋಗ್ತೀಯಾ? ಜನ ಏನಂತಾರೆ?’

‘ಜನಕ್ಕೆ ತೋರ್ಸಲ್ಲಮ್ಮ.’

‘ಸೆಕ್ಯುರಿಟೀಲಿ ಚೀಲ ತೆಗಿ ಅಂದ್ರೆ?’

ಹಾಸಿಗೆಯಿಂದ ಅಪ್ಪ ಹೇಳಿದ: ‘ಅಂಡರ್ ಸಬ್ಮಿಷನ್ ಅನ್ನು. ಮುಂದಿನ ಪ್ರಶ್ನೆ ಯಾರೂ ಕೇಳಲ್ಲ.’ ಮೇಲಧಿಕಾರಿಯ ಮೇಜಿಗೆ ಹೋದ ಕಡತಕ್ಕೆ ಸಚಿವಾಲಯದಲ್ಲಿ ಹೇಳುವ ಮಾತು; ಬಹಳ ದಿನಗಳ ಮೇಲೆ ಅವನು ಮಾಡಿದ ತಮಾಷೆ ಅದು.

ಭದ್ರತಾ ತಪಾಸಣೆಯ ಹುಡುಗಿ ನಿಜಕ್ಕೂ ಕೇಳಿದಳು, ‘ಡಬ್ಬೇ ಮೇ ಕ್ಯಾ ಹೈ ಮ್ಯಾಡಮ್, ಅಚಾರ್?’ ಉಪ್ಪಿನಕಾಯಿಯಲ್ಲ, ಸ್ಯಾಂಪಲ್ ಎಂದೆ. ಅವಳು ಡಬ್ಬಿಯನ್ನೂ ನನ್ನನ್ನೂ ನೋಡಿ, ಅರ್ಥವಾದವಳಂತೆ ಎರಡು ಹೆಜ್ಜೆ ಹಿಂದೆ ಸರಿದು ‘ಜಾಯಿಯೇ, ಜಾಯಿಯೇ’ ಎಂದಳು.

ಅಧ್ಯಾಪಕಿ ತಮ್ಮ ಪ್ರಯೋಗಾಲಯದ ಕಿಟಕಿಯ ಪಕ್ಕದ ಸೂಕ್ಷ್ಮದರ್ಶಕವನ್ನು ನನಗೆ ಬಿಟ್ಟುಕೊಟ್ಟರು. ಒಂದು ತೊಟ್ಟು ಅಯೊಡಿನ್ ಬೆರೆಸಿ ನೋಡತೊಡಗಿದೆ. ಮೊದಲ ದಿನ ಏನೂ ಇಲ್ಲ. ಈ ಜೀವಿಗಳು ದಿನವೂ ಹೊರಬರುವುದಿಲ್ಲ, ಒಂದು ದಿನದ ಮಾದರಿಯನ್ನು ನಂಬಬೇಡ ಎಂದು ಅವರು ಮೊದಲೇ ಎಚ್ಚರಿಸಿದ್ದರು. ಮತ್ತೆ ಒಯ್ದೆ. ಎರಡನೆಯ ಬಾರಿ ಕಂದು ಬೆಳಕಿನ ಆ ಬಯಲಿನಲ್ಲಿ ಮೊಟ್ಟೆಯಾಕಾರದ್ದೊಂದು ಮಿನುಗಿತು. ಹೆಸರು ನಾಲಗೆಯ ತುದಿಗೆ ಬಂದಿತ್ತು, ನುಂಗಿಕೊಂಡು ಅಳೆದೆ. ದೋಸೆ ತಿನ್ನುವ ಮನೆಯವರ ಹೊಟ್ಟೆಯಲ್ಲಿ ಯೀಸ್ಟ್ ಸಹ ಹೀಗೆಯೇ ಮೊಟ್ಟೆಯಂತೆ ಕಾಣುತ್ತದೆ. ಆದರೆ ಅದು ಇದರ ಅರ್ಧದಷ್ಟು, ಮೇಲಾಗಿ ಮೊಗ್ಗು ಬಿಟ್ಟಿರುತ್ತದೆ. ಅಮೀಬಾದ ಕೋಶವಾದರೆ ದುಂಡಗಿರಬೇಕು. ಇದು ಹತ್ತು ಮೈಕ್ರಾನಿಗಿಂತ ತುಸು ಉದ್ದ, ಎಂಟು ಮೈಕ್ರಾನಿನಷ್ಟು ಅಗಲ. ಗಟ್ಟಿ ಗೋಡೆ, ಒಳಗೆ ಒಂದು ತುದಿಯಲ್ಲಿ ಗುಂಪುಗೂಡಿದ ಕೋಶಕೇಂದ್ರಗಳು. ಜಿಯಾರ್ಡಿಯಾ. ಚರಂಡಿಯ ನೀರಿನಿಂದ ಕರುಳಿಗೆ ಬಂದು ಸೇರುವ ಜೀವಿ, ತನ್ನ ಪ್ರಯಾಣದ ಕವಚದೊಳಗೆ ಮಡಚಿ ಕುಳಿತಿತ್ತು.

ಅಧ್ಯಾಪಕಿ ಬಗ್ಗಿ ನೋಡಿ ‘ಹಾಂ, ವಹೀ ಹೈ’ ಎಂದು ನನ್ನ ಹೆಗಲು ಒತ್ತಿದರು. ನಾನು ಅಳುತ್ತಿದ್ದೆ. ಅಪ್ಪನನ್ನು ತಿನ್ನುತ್ತಿದ್ದುದಕ್ಕೆ ಹೆಸರಿತ್ತು, ಮದ್ದೂ ಇತ್ತು.

ಮನೆಗೆ ಹಿಂದಿರುಗುವ ಆಟೋದಲ್ಲಿ ಆ ಗಾತ್ರವನ್ನು ಮನಸ್ಸಿಗೆ ತಂದುಕೊಳ್ಳಲು ನೋಡಿದೆ. ಆ ಮೊಟ್ಟೆಯನ್ನು ಒಂದು ಸಾಸಿವೆ ಕಾಳಿನಷ್ಟು ಹಿಗ್ಗಿಸೋಣ. ಜಗತ್ತೆಲ್ಲವೂ ಅದೇ ಪ್ರಮಾಣದಲ್ಲಿ ಹಿಗ್ಗಲಿ. ಆಗ ದೆಹಲಿಯ ಗಾಳಿಯ ಆ ಕುಖ್ಯಾತ ಕಣ ಒಂದು ರವೆಯ ಹರಳಾಗುತ್ತದೆ. ನನ್ನ ತಲೆಗೂದಲು ಹೆಬ್ಬೆರಳಿನಷ್ಟು ದಪ್ಪದ ಹಗ್ಗವಾಗುತ್ತದೆ. ಹಾಸಿಗೆಯಲ್ಲಿ ಮುದುರಿ ಮಲಗಿದ ನನ್ನ ಅಪ್ಪ ಎದ್ದು ನಿಂತರೆ, ಒಂದರ ಮೇಲೊಂದಿಟ್ಟ ನಾಲ್ಕು ಕುತುಬ್ ಮಿನಾರ್‌ಗಳಿಗಿಂತ ಎತ್ತರವಾಗುತ್ತಾನೆ. ಅಂಥ ಗೋಪುರವನ್ನು ಒಂದು ಹಿಡಿ ಸಾಸಿವೆ ಕೆಡವುತ್ತಿತ್ತು. ಹೊರಗೆ ಹಾರ್ನುಗಳ ಗದ್ದಲ, ನನಗೆ ಕೇಳಿಸಲಿಲ್ಲ.

ಮದ್ದು ಕೆಲಸ ಮಾಡಿತು. ಅಪ್ಪ ಅನ್ನ ಕೇಳಿ ಹಾಕಿಸಿಕೊಂಡ, ಕೆಳಗಿಳಿದು ಪಾರ್ಕಿನಲ್ಲಿ ನಡೆದ, ಸ್ಕ್ಯಾನಿನ ಮಾತು ನಿಂತಿತು. ಚಳಿ ಬಲಿಯುವ ಹೊತ್ತಿಗೆ ತೇಗು ಮತ್ತೆ ಬಂತು, ಹಿಂದೆಯೇ ಭೇದಿ. ಕವಚಗಳು ಮತ್ತೆ ಕಂಡವು. ಅಪ್ಪ ಅವನ್ನು ಮತ್ತೆಲ್ಲಿಂದಲೋ ಕುಡಿಯುತ್ತಿದ್ದ ಎಂಬುದು ಬಹುಪಾಲು ಖಚಿತವಾಯಿತು.

ಸೊಸೈಟಿಯ ಕಾರ್ಯದರ್ಶಿಯ ಬಳಿಗೆ ಹೋದೆ. ಅವರೂ ನಿವೃತ್ತ ಅಧಿಕಾರಿಯೇ. ಅಂಗಿಯ ಜೇಬಿನಲ್ಲಿ ಪೆನ್ನಿನ ಬದಲು ಟಿಡಿಎಸ್ ಮೀಟರ್ ಸಿಕ್ಕಿಸಿಕೊಂಡು ಓಡಾಡುವವರು. ನೀರಿನಲ್ಲಿ ಅದ್ದಿದರೆ ಅದರಲ್ಲಿ ಕರಗಿದ ಲವಣ ಎಷ್ಟೆಂದು ತೋರಿಸುವ ಈ ಕಡ್ಡಿಯ ಮೇಲೆ ದೆಹಲಿಯ ಮಧ್ಯಮವರ್ಗಕ್ಕಿರುವ ಭಕ್ತಿ ಅಪಾರ. ಹಾಲಿನವನನ್ನು ನಂಬದವರೂ ಅದನ್ನು ನಂಬುತ್ತಾರೆ. ನಾನು ಹೇಳಿದ್ದನ್ನೆಲ್ಲ ಕೇಳಿ ಅವರು ಮುಗುಳ್ನಕ್ಕರು. ‘ಬೇಟಾ, ಘರ್ ಮೇ ಆರ್‌ಓ ಹೈ ಕಿ ನಹೀಂ?’ ಇದೆ ಎಂದೆ. ‘ಚಲೋ, ಫಿರ್ ಪಾನಿ ಸೇ ಕೈಸೇ ಹುವಾ? ಬಾಹರ್ ಕುಛ್ ಖಾಯಾ ಹೋಗಾ.’ ಆರ್‌ಓ ಇದ್ದ ಮೇಲೆ ನೀರಿನಿಂದ ಹೇಗೆ ಬಂದೀತು, ಹೊರಗೆ ಏನೋ ತಿಂದಿರಬೇಕು ಎಂದು.

ಅಪ್ಪ ತಿಂಗಳುಗಳಿಂದ ಹೊರಗೆ ಒಂದು ಚಹಾ ಸಹ ಕುಡಿದಿರಲಿಲ್ಲ. ಆದರೆ ಕಾರ್ಯದರ್ಶಿಯ ಪ್ರಶ್ನೆ ಸರಿಯಾಗಿಯೇ ಇತ್ತು, ಅದೇ ನನ್ನನ್ನು ಸುಟ್ಟಿತು. ಆರ್‌ಓ ಯಂತ್ರದ ಪೊರೆಯನ್ನು ವೈರಾಣು ಕೂಡ ದಾಟುವುದು ಕಷ್ಟ; ಸಾಸಿವೆಗೆ ಅಲ್ಲಿ ದಾರಿಯೇ ಇಲ್ಲ. ಕುಡಿಯಲು ಆರ್‌ಓ, ಅಡುಗೆಗೆ ಆರ್‌ಓ, ಸೊಪ್ಪು ತೊಳೆಯಲು ಸಹ ಆರ್‌ಓ. ಹಾಗಿದ್ದರೆ ಎಲ್ಲಿಂದ?

ತೀರಾ ಚಿಕ್ಕದ್ದು ಕಣ್ಣಿಗೆ ಕಾಣುವುದಿಲ್ಲ. ಹುಟ್ಟಿದಾಗಿನಿಂದ ಕಣ್ಣೆದುರೇ ಇರುವುದೂ ಕಾಣುವುದಿಲ್ಲ. ಒಂದು ಭಾನುವಾರ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ಕಾಫಿಗೆ ಕಾಯುತ್ತ ನಿಂತಿದ್ದೆ. ಅಮ್ಮ ಸ್ನಾನ ಮುಗಿಸಿ, ಒದ್ದೆ ಸೀರೆಯಲ್ಲಿ, ಯಾರನ್ನೂ ಮುಟ್ಟಿಸಿಕೊಳ್ಳದೆ ಬಂದು, ಸಿಂಕಿನ ನಲ್ಲಿಯಿಂದ ನೇರವಾಗಿ ತಾಮ್ರದ ಚೊಂಬಿಗೆ ನೀರು ಹಿಡಿದಳು. ಪೂಜೆಯಾಯಿತು. ಉದ್ಧರಣೆ ಎಂಬ ಆ ಪುಟ್ಟ ತಾಮ್ರದ ಚಮಚದಿಂದ ಅಪ್ಪನ ಅಂಗೈಗೆ ಮೂರು ಬಾರಿ ತೀರ್ಥ ಹಾಕಿದಳು. ಅಪ್ಪ ಕುಡಿದು, ಕೈಯನ್ನು ತಲೆಗೆ ಒರೆಸಿಕೊಂಡ.

‘ಅಮ್ಮಾ, ತೀರ್ಥಕ್ಕೆ ಆರ್‌ಓ ನೀರು ಇಡಲ್ವಾ?’

‘ಆ ಮಷೀನ್ ನೀರಾ? ಒಳಗಡೆ ಪ್ಲಾಸ್ಟಿಕ್ಕು, ಯಾರ್ಯಾರೋ ಬಂದು ಕೈ ಹಾಕಿ ಬಿಚ್ಚೋ ಫಿಲ್ಟರು. ದೇವ್ರಿಗೆ ಅದು ನಡಿಯಲ್ಲ ಕಣೇ. ಮಡಿ ನೀರು ಅಂದ್ರೆ ಹರಿಯೋ ನೀರು.’

‘ಯಾವಾಗ್ಲಾದ್ರೂ ಹಿಂದಿನ ದಿನವೇ ಚೊಂಬಲ್ಲಿ ತುಂಬಿ ಇಡ್ತೀಯಾ?’ ತಾಮ್ರದಲ್ಲಿ ರಾತ್ರಿಯಿಡೀ ನಿಂತ ನೀರಿನಲ್ಲಿ ಎಷ್ಟೋ ಸೂಕ್ಷ್ಮಜೀವಿಗಳು ಸಾಯುತ್ತವೆ ಎಂದು ಓದಿದ್ದೆ.

‘ಛೇ, ತಂಗಳು ನೀರನ್ನ ಯಾರಾದ್ರೂ ದೇವ್ರಿಗಿಡ್ತಾರಾ?’

ಮುಟ್ಟಬಹುದಾದ ನದಿಯಿಲ್ಲದ ದೆಹಲಿಯಲ್ಲಿ ನಮಗೆ ನಲ್ಲಿಯೇ ಹರಿಯುವ ನೀರಾಗಿತ್ತು. ಒಂದು ಉದ್ಧರಣೆ ನೀರನ್ನು ನನ್ನ ಸಾಸಿವೆಯ ಲೆಕ್ಕದಲ್ಲಿ ಹಿಗ್ಗಿಸಿದೆ: ಅದು ನೆಲದಿಂದ ಸೂರಿನವರೆಗೆ ನೀರು ತುಂಬಿದ ಒಂದು ಕೋಣೆ. ಮೂರು ಉದ್ಧರಣೆ ಎಂದರೆ ಮೂರು ಕೋಣೆ, ನಮ್ಮ ಫ್ಲ್ಯಾಟಿನ ಮಲಗುವ ಕೋಣೆಗಳಷ್ಟೂ. ಅಷ್ಟು ನೀರಿನಲ್ಲಿ ಎಲ್ಲೋ ತೇಲುತ್ತಿರುವ ಕೆಲವೇ ಸಾಸಿವೆ ಕಾಳುಗಳನ್ನು ಯಾವ ಕಣ್ಣು ಹುಡುಕೀತು? ಒಬ್ಬ ಮನುಷ್ಯನನ್ನು ಮಲಗಿಸಲು ಹತ್ತಾರು ಸಾಕು.

ನಲ್ಲಿಯ ನೀರನ್ನು ಬಕೆಟ್ಟುಗಟ್ಟಲೆ ಸೋಸಿ, ಸೋಸುಹಾಳೆಯ ಮೇಲೆ ಉಳಿದ ಚೂರುಪಾರನ್ನು ಪ್ರಯೋಗಾಲಯಕ್ಕೆ ಒಯ್ದು ಹುಡುಕಿದೆ. ಕುತ್ತಿಗೆ ಸೆಟೆದುಕೊಂಡಿತು. ಕೊನೆಗೆ ಒಂದು ಸಿಕ್ಕಿತು, ಆಮೇಲೆ ಇನ್ನೊಂದು. ಅಳೆದೆ. ಅದೇ ಅಳತೆ, ಅದೇ ಆಕಾರ.

ಅಮ್ಮನಿಗೆ ಹೇಳುವುದು ಹೇಗೆ? ಅಧ್ಯಾಪಕಿ ಕೊಟ್ಟ ಹಳೆಯ ಸೂಕ್ಷ್ಮದರ್ಶಕವನ್ನು ಮನೆಗೆ ತಂದು ಊಟದ ಮೇಜಿನ ಮೇಲೆ ಹಳೆಯ ಪೇಪರು ಹಾಸಿ ಇಟ್ಟೆ. ಅಪ್ಪನ ಆಗತಾನೇ ತೆಗೆದ ಮಾದರಿಯಲ್ಲಿ, ಇನ್ನೂ ಬೆಚ್ಚಗಿದ್ದುದರಿಂದ, ಆ ಜೀವಿ ಕವಚವಿಲ್ಲದೆ ಈಜುತ್ತಿತ್ತು. ಅದನ್ನು ಜೀವಂತವಾಗಿ ನಾನೂ ಅದೇ ಮೊದಲು ನೋಡಿದ್ದು. ಗಾಳಿಪಟದಂಥ ಮೈ, ಹಿಂದೆ ಬಾಲದಂಥ ಎಳೆಗಳು, ಮುಂದಿನ ಅಗಲ ಭಾಗದಲ್ಲಿ ಅಕ್ಕಪಕ್ಕ ಎರಡು ದುಂಡು ಕೋಶಕೇಂದ್ರಗಳು, ಥೇಟ್ ಕಣ್ಣುಗಳ ಹಾಗೆ. ಮರದಿಂದ ಕಳಚಿದ ಎಲೆ ಮಗುಚುತ್ತ ಇಳಿಯುವಂತೆ ಅದು ಹೊರಳುತ್ತಿತ್ತು. ಪ್ರತಿ ಹೊರಳಿಗೂ ಆ ಮುಖ ನನ್ನತ್ತ ತಿರುಗುತ್ತಿತ್ತು. ಅಪ್ಪನ ಶತ್ರು ಅದು ಎಂಬುದನ್ನು ಒಂದು ಕ್ಷಣ ಮರೆತೆ. ಮಿದುಳಿಲ್ಲ, ಬಾಯಿಲ್ಲ, ಕೂದಲಿನ ದಪ್ಪದ ಐದರಲ್ಲೊಂದು ಭಾಗದಷ್ಟೂ ಉದ್ದವಿಲ್ಲ. ಆದರೂ ಅದಕ್ಕೆ ಎಡಬಲಗಳಿದ್ದವು, ಒಂದು ದಾರಿಯಿತ್ತು.

ಅಮ್ಮ ಕನ್ನಡಕ ತೆಗೆದು ಬಗ್ಗಿದಳು.

‘ಇದು ನನ್ನನ್ನೇ ನೋಡ್ತಿದೆಯಲ್ಲೇ.’

‘ಅವು ಕಣ್ಣಲ್ಲಮ್ಮ.’

‘ಇಷ್ಟು ಚಿಕ್ಕದಕ್ಕೆ ಇಷ್ಟು ಚೆಂದದ ಮೈ ಯಾಕೆ ಬೇಕಿತ್ತು?’ ಎಂದಳು. ಆಮೇಲೆ ತಲೆಯೆತ್ತದೆಯೇ ಕೇಳಿದಳು: ‘ಎಲ್ಲಿಂದ ಬಂತು?’

ಹೇಳಿದೆ. ಚೊಂಬು, ನಲ್ಲಿ, ಉದ್ಧರಣೆ. ತೀರ್ಥ ಅವಳೂ ತೆಗೆದುಕೊಳ್ಳುತ್ತಿದ್ದಳು; ಕೆಲವರ ಹೊಟ್ಟೆಯಲ್ಲಿ ಇವು ಗದ್ದಲವಿಲ್ಲದೆ ಬಾಳುತ್ತವೆ, ನೀನೂ ಮಾತ್ರೆ ತೆಗೆದುಕೊಳ್ಳಬೇಕು ಎಂದೆ. ಅಮ್ಮ ಕುರ್ಚಿಯ ಮೇಲೆ ಕುಳಿತು ತನ್ನ ಅಂಗೈಯನ್ನು ನೋಡಿಕೊಂಡಳು. ನಾನು ಸಮಾಧಾನದ ಮಾತು ಹುಡುಕುತ್ತಿರುವಾಗಲೇ ಅವಳು ಎದ್ದಳು.

‘ನಲ್ಲೀಗೆ ಎಲ್ಲಿಂದ ಬಂತು ಅಂತ ಕೇಳಿದ್ದು ನಾನು.’

ಸೊಸೈಟಿಯ ಸಭೆ ಹುಲ್ಲುಹಾಸಿನ ಮೇಲೆ, ಮಂಜು ಕರಗಿದ ಬಿಸಿಲಿನಲ್ಲಿ, ಕಡಲೆಕಾಯಿ ಸಿಪ್ಪೆಗಳ ನಡುವೆ ನಡೆಯಿತು. ನಾನು ಸೂಕ್ಷ್ಮದರ್ಶಕವನ್ನೂ, ಗಾಜಿನ ಪಟ್ಟಿಗಳನ್ನೂ ತಂದಿದ್ದೆ. ನೆಲದಡಿಯ ತೊಟ್ಟಿಯನ್ನು ಖಾಲಿ ಮಾಡಿಸಿ ಗೋಡೆ ಪರೀಕ್ಷಿಸಬೇಕು ಎಂದೆ. ಪ್ರತಿ ವರ್ಷ ಛಾವಣಿಯ ಟ್ಯಾಂಕನ್ನು ತೊಳೆಸುತ್ತೀರಿ, ಏಕೆಂದರೆ ಅದು ಎಲ್ಲರಿಗೂ ಕಾಣುತ್ತದೆ. ಕೆಳಗಿನ ತೊಟ್ಟಿಯ ಪಕ್ಕದಲ್ಲಿಯೇ ಚರಂಡಿಯ ಗುಂಡಿಯಿದೆ, ಅದನ್ನು ಕೊನೆಯ ಸಲ ಇಳಿದು ನೋಡಿದವರು ಯಾರು ಎಂದು ಕೇಳಿದೆ. ಕಾರ್ಯದರ್ಶಿ ಉತ್ತರವಾಗಿ ಗಾಜಿನ ಲೋಟದಲ್ಲಿ ನಲ್ಲಿಯ ನೀರು ತರಿಸಿ, ಜೇಬಿನ ಕಡ್ಡಿಯನ್ನು ಅದ್ದಿ, ಅಂಕಿಯನ್ನು ಎಲ್ಲರಿಗೂ ತೋರಿಸಿದರು. ‘ಬಿಲ್ಕುಲ್ ನಾರ್ಮಲ್. ಕ್ಲೋರಿನ್ ಭೀ ಡಾಲ್ತೇ ಹೈಂ.’

ನಾನು ನಲ್ಲಿಯ ನೀರನ್ನು ಸೋಸಿ ಉಳಿದ ಮಡ್ಡಿಯ ಸೀಸೆಯನ್ನು ತೆಗೆದು, ಆ ಕವಚಗಳಿದ್ದ ಒಂದಷ್ಟನ್ನು ಅದೇ ಲೋಟಕ್ಕೆ ಸುರಿದು, ಮತ್ತೆ ಅದ್ದಿ ಎಂದೆ. ಅದ್ದಿದರು. ಅಂಕಿ ಅಲ್ಲಾಡಲಿಲ್ಲ. ‘ಈಗ ಕುಡಿಯಿರಿ’ ಎಂದೆ. ಯಾರೋ ನಕ್ಕರು. ಕಾರ್ಯದರ್ಶಿ ನಗಲಿಲ್ಲ. ಈ ಕಡ್ಡಿ ಲವಣವನ್ನಷ್ಟೇ ಬಲ್ಲದು, ಜೀವವನ್ನು ಅರಿಯದು. ನೀವು ಹಾಕುವಷ್ಟು ಕ್ಲೋರಿನ್ನಿಗೆ ಈ ಕವಚ ಜಗ್ಗುವುದಿಲ್ಲ ಎಂದೆ.

ಅವರು ನನ್ನನ್ನು ಬಿಟ್ಟು ಅಮ್ಮನತ್ತ ತಿರುಗಿದರು. ಪೂಜೆಯ ನೀರು ಕುಡಿಯುವುದಕ್ಕೆಂದು ಸೊಸೈಟಿ ಹೇಳಿಲ್ಲವಲ್ಲ ಭಾಭೀಜಿ, ಎಂದು ಮೃದುವಾಗಿ ಕೇಳಿದರು. ಇದಕ್ಕೇ ಹೆದರಿದ್ದೆ: ತಪ್ಪು ಕೊನೆಗೆ ಮನೆಯ ಹೆಂಗಸಿನ ಕೈಗೆ ಬಂದು ಕೂರುತ್ತದೆ ಎಂದು.

ಅಮ್ಮ ಶಾಲು ಸರಿಮಾಡಿಕೊಂಡು ಎದ್ದಳು. ಅವಳ ಹಿಂದಿ ಇಷ್ಟು ವರ್ಷವಾದರೂ ಕನ್ನಡದ ಲಯದಲ್ಲಿಯೇ ನಡೆಯುತ್ತದೆ. ‘ಭಗವಾನ್ ಹಮಾರಾ ಹೈ, ಪಾನಿ ಆಪ್ ಕಾ ಹೈ. ಭಗವಾನ್ ಕಾ ಜವಾಬ್ ಮೈ ದೂಂಗೀ. ಪಾನಿ ಕಾ ಜವಾಬ್ ಆಪ್ ದೀಜಿಯೇ.’ ದೇವರು ನಮ್ಮವನು, ನೀರು ನಿಮ್ಮದು. ದೇವರ ಲೆಕ್ಕ ನಾನು ಒಪ್ಪಿಸುತ್ತೇನೆ, ನೀರಿನದು ನೀವು ಒಪ್ಪಿಸಿ. ನಂತರ ಅವರ ತೋಳು ಹಿಡಿಯುವುದೊಂದು ಬಾಕಿ ಎಂಬಂತೆ ಮೇಜಿನತ್ತ ಕೈ ಮಾಡಿದಳು. ‘ಆಯಿಯೇ. ದೇಖಿಯೇ.’

ಅವರು ಬಗ್ಗಿದರು. ಅಯೊಡಿನ್ನಿನ ಹೊಂಬಣ್ಣದಲ್ಲಿ ಆ ಮುಚ್ಚಿದ ಮೊಟ್ಟೆಗಳು, ಒಳಗಿನ ಕಣ್ಣಿನಂಥ ಚುಕ್ಕೆಗಳು. ಎದ್ದು ನಿಂತಾಗ ಅವರ ಮುಖದಲ್ಲಿದ್ದುದು ಸೋಲಲ್ಲ. ದೋಸೆಹಿಟ್ಟಿನ ಎದುರು ನನಗಾಗಿದ್ದುದೇ ಅವರಿಗೂ ಆಗಿತ್ತು. ‘ಯೇ ಸಬ್... ಹಮಾರೇ ಪಾನಿ ಮೇ?’ ಎಂದರು. ಮೀಟರನ್ನು ಜೇಬಿಗೆ ಸಿಕ್ಕಿಸಲು ಹೋಗಿ, ಸುಮ್ಮನೆ ಕೈಯಲ್ಲಿಯೇ ಹಿಡಿದುಕೊಂಡರು. ಅವರ ಹಿಂದೆ ದರ್ಶನಕ್ಕೆ ನಿಂತಂತೆ ಸಾಲು ಬೆಳೆಯಿತು. ನೋಡಿದ ಪ್ರತಿಯೊಬ್ಬರೂ ಧ್ವನಿ ತಗ್ಗಿಸಿ ಮಾತಾಡುತ್ತಿದ್ದರು. ಸಾಲಿನಲ್ಲಿದ್ದ ಒಬ್ಬ ತಾಯಿ ತನ್ನ ಮಗುವಿಗೂ ಹೀಗೆಯೇ ತಿಂಗಳುಗಟ್ಟಲೆ ಆಗಿತ್ತು, ಶಾಲೆಯ ಟಿಫಿನ್ನನ್ನು ಬೈದುಕೊಂಡಿದ್ದೆ ಎಂದಳು.

ತೊಟ್ಟಿ ಖಾಲಿಯಾಯಿತು. ಚರಂಡಿಯ ಬದಿಯ ಗೋಡೆಯಲ್ಲಿ ಬೆರಳು ತೂರುವಷ್ಟು ಬಿರುಕಿತ್ತು. ಬೆರಳಗಲ ಎಂದು ಎಲ್ಲರೂ ಹಗುರವಾಗಿ ಹೇಳಿದರು; ಸಾಸಿವೆಯ ಜಗತ್ತಿನಲ್ಲಿ ಅದು ಆನೆ ಅಂಬಾರಿ ಸಮೇತ ಹೊಗುವ ಹೆಬ್ಬಾಗಿಲು. ಗೇಟಿನಲ್ಲಿ ಅಂಟಿಸಿದ ಪ್ರಕಟಣೆಯಲ್ಲಿ ‘ತೊಟ್ಟಿಯ ಸುಂದರೀಕರಣ’ ಎಂದಿತ್ತು. ನಾನು ಕಿಡಿಕಾರುವ ಮೊದಲೇ ಅಪ್ಪ ಮಫ್ಲರ್ ಸುತ್ತಿಕೊಂಡು ಕೆಳಗಿಳಿದ. ಕಡತದ ಭಾಷೆಯಲ್ಲಿ ಏನನ್ನು ಹೇಗೆ ಮುಚ್ಚಿಡಬಹುದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಸೊಸೈಟಿಯಲ್ಲಿರಲಿಲ್ಲ. ಚರಂಡಿ ನೀರು ಬೆರೆತಿತ್ತು, ಹೊಟ್ಟೆನೋವಿದ್ದವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಿ, ತೊಟ್ಟಿಯ ಹೊಣೆ ಇಂಥವರದು ಎಂದು ಹೆಸರು ಸಹಿತ ಬರೆದು, ಕಾರ್ಯದರ್ಶಿಯಿಂದಲೇ ಸಹಿ ಹಾಕಿಸಿಕೊಂಡು ಬಂದ. ಮೆಟ್ಟಿಲು ಹತ್ತಿ ಬಂದವನಿಗೆ ಏದುಸಿರಿರಲಿಲ್ಲ.

ಅಮ್ಮ ಈಗ ತೀರ್ಥದ ನೀರನ್ನು ಕುದಿಸಿ ಆರಿಸುತ್ತಾಳೆ. ಮಡಿಗೆ ಭಂಗವಲ್ಲವೇ ಎಂದು ಅಪ್ಪ ಕೆಣಕಿದ್ದಕ್ಕೆ, ‘ಕಾಯ್ಸಿದ ಹಾಲು ದೇವ್ರಿಗೆ ಆಗತ್ತಂತೆ, ಕಾಯ್ಸಿದ ನೀರು ಆಗಲ್ವಂತಾ?’ ಎಂದು ಬಾಯಿ ಮುಚ್ಚಿಸಿದಳು. ಆದರೂ ಅಪ್ಪನ ಅಂಗೈಗೆ ಹಾಕುವ ಮುನ್ನ ಉದ್ಧರಣೆಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, ಕಣ್ಣು ಕಿರಿದು ಮಾಡಿ ನೋಡುತ್ತಾಳೆ.

‘ಏನ್ ಕಾಣ್ತಿದೆ?’ ಎನ್ನುತ್ತಾನೆ ಅಪ್ಪ, ಚಾಚಿದ ಕೈಯಲ್ಲೇ.

‘ಏನೂ ಇಲ್ಲ.’

‘ಅವತ್ತೂ ಅದೇ ಕಂಡಿತ್ತಲ್ಲ.’

‘ಸುಮ್ನೆ ಕುಡೀರಿ’ ಎನ್ನುತ್ತಾಳೆ ಅಮ್ಮ. ಆದರೆ ಚಮಚವನ್ನು ಬೆಳಕಿನಲ್ಲಿ ಇನ್ನೂ ಒಂದು ಗಳಿಗೆ ಹಾಗೆಯೇ ಹಿಡಿದಿರುತ್ತಾಳೆ.